ಮೂವತ್ತೊಂದಕ್ಕೆ ಆಟ ಮುಗಿಯಿತೆ?

ಕಳೆದ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಧನಕವಡಿಯ ನಮ್ಮ ಮನೆಯಲ್ಲಿ, ಹತ್ತನೆಯ ಇಯತ್ತೆ ಓದುತ್ತಿರುವ ನನ್ನ ಮಗ ನನ್ನನ್ನು ಮಾರಿಬಿಟ್ಟ.

ಓದುಗರು ಗಾಬರಿಯಾಗಬೇಕಾಗಿಲ್ಲ. ಮಾರಿದ್ದು ಕಂಪ್ಯೂಟರಿನ ಒಳಗೆ. ಅವನು ಆಡುವುದು ಕ್ರಿಕೆಟ್ ತಂಡವನ್ನು ನಡೆಸುವ ಆಟ. ಅದರಲ್ಲಿ ಬ್ಯಾಟು ಹಿಡಿಯುವ ಕೆಲಸವಿಲ್ಲ, ಚೆಂಡು ಎಸೆಯುವ ಕೆಲಸವೂ ಇಲ್ಲ. ಆಟಗಾರರನ್ನು ಕೊಳ್ಳುವುದು, ತರಬೇತಿಗೆ ಹಚ್ಚುವುದು, ಹನ್ನೊಂದು ಮಂದಿಯನ್ನು ಆರಿಸುವುದು, ಬೇಡವಾದವರನ್ನು ಮಾರುವುದು, ಇಷ್ಟೇ. ಆ ತಂಡದ ಒಬ್ಬ ಆಫ್ ಸ್ಪಿನ್ ಬೌಲರನಿಗೆ ಅವನು ಪ್ರೀತಿಯಿಂದ ನನ್ನ ಹೆಸರಿಟ್ಟಿದ್ದ. ನಾನು ಆಫೀಸಿನಿಂದ ಬಂದ ಕೂಡಲೆ "ಅಪ್ಪಾ, ಇವತ್ತ ನೀ ನಾಕು ವಿಕೆಟ್ ತಗೊಂಡಿ" ಎಂದು ವರದಿ ಒಪ್ಪಿಸುತ್ತಿದ್ದ. ಆ ಶನಿವಾರ ವರದಿ ಬರಲಿಲ್ಲ. ವಿಚಾರಿಸಿದೆ.

"ನಿನ್ನ ಮಾರಿದೆ ಅಪ್ಪಾ. ಮೂವತ್ತೊಂದು ಆತಲ್ಲ, ಇನ್ನ ಸ್ಕಿಲ್ ಇಳೀತದ. ಈಗ ಮಾರಿದ್ರ ನಾಕು ರೊಕ್ಕ ಬರ್ತಾವ. ಮುಂದಿನ ಸೀಸನ್‌ಗೆ ಯಾರೂ ತಗೊಳ್ಳೂದಿಲ್ಲ."

"ನಾಕು ವಿಕೆಟ್ ತಗೊಂಡವನ್ನ ಯಾಕ ಮಾರಿದ್ಯೋ ತಮ್ಮಾ?"

"ವಿಕೆಟ್ ನೋಡೂದಿಲ್ಲ ಅಪ್ಪಾ. ವಯಸ್ಸ ನೋಡ್ತಾರ."

ಇದನ್ನು ಕೇಳಿ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಅದೇ ವಾರ ನಮ್ಮ ಸಂಘದ ಸೂಚನಾ ಫಲಕದಲ್ಲಿ ವಾರ್ಷಿಕ ಕ್ರಿಕೆಟ್ ಪಂದ್ಯದ ಪ್ರಕಟಣೆ ಬಂತು. ನಲವತ್ತು ದಾಟಿದ ಸದಸ್ಯರು ಅಂಪೈರಿಂಗ್, ಸ್ಕೋರಿಂಗ್ ಮತ್ತು ಉಪಾಹಾರದ ವ್ಯವಸ್ಥೆಗೆ ಹೆಸರು ಕೊಡಬೇಕೆಂದು ಅದರಲ್ಲಿ ವಿನಂತಿಸಲಾಗಿತ್ತು. ನನ್ನ ಮಗನೂ ನಮ್ಮ ಕಾರ್ಯಕಾರಿ ಸಮಿತಿಯೂ ಒಂದೇ ಶಾಲೆಯಲ್ಲಿ ಓದಿದಂತೆ ಕಂಡಿತು. ಆದುದರಿಂದ ಈ ಲೇಖನ.

ಮೊದಲು ಆ ಆಟದ ಒಳಗುಟ್ಟನ್ನು ತಿಳಿಯೋಣ. ಇಂಥ ಆಟಗಳು ಹೊಸವೇನಲ್ಲ. 'ಇಂಟರ್‌ನ್ಯಾಷನಲ್ ಕ್ರಿಕೆಟ್ ಕ್ಯಾಪ್ಟನ್' ಎಂಬುದು 1998ರಲ್ಲಿಯೇ ಬಂತು. ಅದಕ್ಕೆ ಒಂದು ವರ್ಷ ಮೊದಲು, 1997ರಲ್ಲಿ, ಸ್ವೀಡನ್ ದೇಶದಲ್ಲಿ 'ಹ್ಯಾಟ್ರಿಕ್' ಎಂಬ ಫುಟ್‌ಬಾಲ್ ತಂಡ ನಡೆಸುವ ಆಟ ಹುಟ್ಟಿತು. ಅಂತರ್ಜಾಲದಲ್ಲಿ ಆಡುವ ಕ್ರಿಕೆಟ್ ಆಟಗಳಲ್ಲಿಯೂ ಅದೇ ಬಗೆಯ ಏರ್ಪಾಟನ್ನು ಕಾಣುತ್ತೇವೆ. ಹದಿನಾರು ಹದಿನೇಳರ ಹುಡುಗನೊಬ್ಬ ನಿಮ್ಮ ತಂಡಕ್ಕೆ ಸೇರುತ್ತಾನೆ. ಅವನ ಬ್ಯಾಟಿಂಗಿಗೆ ಒಂದು ಅಂಕಿ, ಬೌಲಿಂಗಿಗೆ ಒಂದು ಅಂಕಿ, ಫೀಲ್ಡಿಂಗಿಗೆ ಒಂದು, ದಮ್ಮಿಗೆ ಒಂದು. ವಾರಕ್ಕೊಮ್ಮೆ ನೀವು ಒಂದು ವಿಷಯವನ್ನು ಆರಿಸಿ ತರಬೇತಿ ಕೊಡಿಸುತ್ತೀರಿ, ಅಂಕಿ ಸ್ವಲ್ಪ ಮೇಲೇರುತ್ತದೆ. ಕಿರಿಯನಿಗೆ ಬೇಗ ಏರುತ್ತದೆ, ಹಿರಿಯನಿಗೆ ನಿಧಾನ. ಕೆಳಗಿನ ಮೆಟ್ಟಿಲು ಸುಲಭ, ಮೇಲಿನ ಮೆಟ್ಟಿಲು ಕಷ್ಟ. ಮೂವತ್ತರ ಆಸುಪಾಸಿಗೆ ಬಂದನೆಂದರೆ ಗಾಳಿ ತಿರುಗುತ್ತದೆ. ಈಗ ಅಂಕಿಗಳು ಇಳಿಯತೊಡಗುತ್ತವೆ, ವಯಸ್ಸು ಹೆಚ್ಚಿದಷ್ಟೂ ಇಳಿತ ಹೆಚ್ಚು. ಜಾಣ ಮ್ಯಾನೇಜರನು ಹದಿನೇಳಕ್ಕೆ ಕೊಂಡು, ಹತ್ತು ವರ್ಷ ತಿದ್ದಿ ತೀಡಿ, ಇಳಿತ ಶುರುವಾಗುವ ಮುನ್ನ ಮಾರಿ ಕೈತೊಳೆದುಕೊಳ್ಳುತ್ತಾನೆ.

ಆಟ ಕಟ್ಟಿದವರು ಹೀಗೇಕೆ ಮಾಡಿದರು? ಕ್ರಿಕೆಟಿಗರ ದೇಹವನ್ನು ಅಳೆದು ನೋಡಿ ಮಾಡಿದರೆಂದು ನನ್ನ ಮಗ ನಂಬಿದ್ದಾನೆ. ಸಂಗತಿ ಇನ್ನೂ ಸರಳವಾಗಿದೆ. ಪ್ರತಿ ವಾರ ಸಾವಿರಾರು ಜನ ತರಬೇತಿ ಕೊಡುತ್ತಲೇ ಹೋದರೆ, ಯಾರ ಅಂಕಿಯೂ ಇಳಿಯದಿದ್ದರೆ, ಕೆಲವು ವರ್ಷಗಳಲ್ಲಿ ಪೇಟೆಯ ತುಂಬ ಮಹಾಶೂರರೇ ಆಗುತ್ತಾರೆ. ಹೊಸ ಹುಡುಗನನ್ನು ಕೊಳ್ಳುವವರಿರುವುದಿಲ್ಲ, ಮೊದಲು ಬಂದವನು ಯಾವಾಗಲೂ ಮೇಲೆ, ಆಮೇಲೆ ಬಂದವನು ಯಾವಾಗಲೂ ಕೆಳಗೆ. ನೋಟುಗಳನ್ನು ಅಚ್ಚು ಹಾಕುತ್ತಲೇ ಹೋದರೆ ರೊಕ್ಕದ ಬೆಲೆ ಇಳಿಯುವ ಹಾಗೆ. ಅದಕ್ಕೆಂದೇ ತೊಟ್ಟಿಯ ತಳದಲ್ಲಿ ಒಂದು ತೂತು ಇಡಬೇಕಾಗುತ್ತದೆ. ಮೇಲಿನಿಂದ ತರಬೇತಿ ಎಂಬ ನೀರು ಬೀಳುತ್ತಿರಬೇಕು, ಕೆಳಗಿನಿಂದ ವಯಸ್ಸು ಎಂಬ ತೂತಿನಲ್ಲಿ ಅದು ಸೋರುತ್ತಿರಬೇಕು. ಆಟ ನಡೆಯಲು ಈ ತೂತು ಬೇಕೇ ಬೇಕು. ಅದರ ಬಗ್ಗೆ ನನ್ನ ತಕರಾರಿಲ್ಲ. ಲೆಕ್ಕ ಸರಿದೂಗಿಸಲು ಮಾಡಿದ ತೂತನ್ನು ನಮ್ಮ ಮಕ್ಕಳು ಮನುಷ್ಯನ ಸ್ವಭಾವವೆಂದು ತಿಳಿದುಕೊಳ್ಳುತ್ತಿದ್ದಾರೆ, ಅದರ ಬಗ್ಗೆ ಇದೆ.

ಈ ತಿಳಿವಳಿಕೆ ಎಷ್ಟು ಪೊಳ್ಳು ಎಂಬುದನ್ನು ತೋರಿಸಲು ನಾವು ದೂರ ಹೋಗಬೇಕಾಗಿಲ್ಲ. ಧನಕವಡಿಯಿಂದ ಸ್ವಾರಗೇಟಿನ ಬಸ್ಸು ಹಿಡಿದು, ಅಲ್ಲಿಂದ ಟಿಳಕ ರಸ್ತೆಗೆ ಹೊರಳಿದರೆ ಎಸ್.ಪಿ. ಕಾಲೇಜು ಸಿಗುತ್ತದೆ. ಅಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಪ್ರೊಫೆಸರ್ ಡಿ.ಬಿ. ದೇವಧರ ಅವರು ಹುಟ್ಟಿದ್ದು 1892ರಲ್ಲಿ, ಇದೇ ಪುಣೆಯಲ್ಲಿ. ಅವರ ನಾಯಕತ್ವದಲ್ಲಿ ಮಹಾರಾಷ್ಟ್ರ 1939-40 ಮತ್ತು 1940-41ರಲ್ಲಿ ಸಾಲಾಗಿ ಎರಡು ಸಲ ರಣಜಿ ಟ್ರೋಫಿ ಗೆದ್ದಿತು. 1940-41ರಲ್ಲಿ ಮುಂಬಯಿಯ ಎದುರು ಅವರು 246 ಓಟ ಹೊಡೆದಾಗ ಐವತ್ತರ ಹೊಸ್ತಿಲಿನಲ್ಲಿದ್ದರು. 1944ರಲ್ಲಿ ನವಾನಗರದ ಎದುರು ಒಂದೇ ಪಂದ್ಯದ ಎರಡೂ ಇನಿಂಗ್ಸಿನಲ್ಲಿ ಶತಕ ಹೊಡೆದಾಗ ಐವತ್ತೆರಡು ವರ್ಷ. ನನ್ನ ಮಗನ ಕೈಗೆ ಸಿಕ್ಕಿದ್ದರೆ ಪ್ರೊಫೆಸರ್ ಸಾಹೇಬರು ಇಪ್ಪತ್ತು ವರ್ಷ ಮೊದಲೇ ಹರಾಜಾಗುತ್ತಿದ್ದರು!

"ಅದು ಹಳೇ ಕಾಲ ಅಪ್ಪಾ, ಆವಾಗ ಬೌಲಿಂಗ್ ಜೋರಿರಲಿಲ್ಲ" ಎಂದ ಮಗ. ಇರಲಿ, ನಮ್ಮ ಕಾಲಕ್ಕೇ ಬರೋಣ. ಅನಿಲ ಕುಂಬ್ಳೆ ಅವರು ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ 2001ರ ಆಸ್ಟ್ರೇಲಿಯ ಸರಣಿಯಲ್ಲಿ ಹೊರಗೆ ಕುಳಿತರು. ಆಗ ವಯಸ್ಸು ಮೂವತ್ತು, ಆಟದ ಲೆಕ್ಕದಲ್ಲಿ ಮಾರುವ ವಯಸ್ಸು. ಭುಜ ಹೋದ ಬೌಲರನನ್ನು ಕೊಳ್ಳುವವರಾದರೂ ಯಾರು? 2004ರ ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಅವರು 74 ಟೆಸ್ಟ್ ವಿಕೆಟ್ ಕಿತ್ತರು. 2007ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ, ತಮ್ಮ 118ನೆಯ ಟೆಸ್ಟಿನಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಜೀವನದ ಮೊದಲ ಹಾಗೂ ಏಕೈಕ ಟೆಸ್ಟ್ ಶತಕ ಹೊಡೆದು ಔಟಾಗದೆ ಉಳಿದರು. ಹದಿನೇಳು ವರ್ಷ ಬ್ಯಾಟಿಂಗಿನ ಅಂಕಿ ಕೆಳಗೇ ಇದ್ದ ಮನುಷ್ಯ! ಯಾವ ಪಟ್ಟಿಯಲ್ಲಿ ಈ ಶತಕ ಮೊದಲೇ ಬರೆದಿತ್ತು?

ಇನ್ನು ಎರಾಪಳ್ಳಿ ಪ್ರಸನ್ನ. 1962ರಲ್ಲಿ ಟೆಸ್ಟಿಗೆ ಬಂದು, ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ, ಎಂಜಿನಿಯರಿಂಗ್ ಓದು ಪೂರೈಸಲು ಮನೆಗೆ ಹೋದರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ನಡುವೆ ಐದು ವರ್ಷ. ಆಟದಲ್ಲಿ ಐದು ವರ್ಷ ಬೆಂಚಿನ ಮೇಲೆ ಕುಳಿತವನು ತುಕ್ಕು ಹಿಡಿದು ಹೋಗುತ್ತಾನೆ. ಪ್ರಸನ್ನ ಅವರು 1967-68ರ ಆಸ್ಟ್ರೇಲಿಯ, ನ್ಯೂಜಿಲೆಂಡ್ ಸರಣಿಗಳೆರಡರಲ್ಲಿ ಸೇರಿ 49 ವಿಕೆಟ್ ಪಡೆದರು, ಇಪ್ಪತ್ತನೆಯ ಟೆಸ್ಟಿನಲ್ಲಿ ನೂರು ಮುಟ್ಟಿದರು. ಮುಂದೆ 1973-74ರಲ್ಲಿ ಕರ್ನಾಟಕಕ್ಕೆ ಮೊದಲ ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕರೂ ಅವರೇ. ಅವರ ಜೊತೆಗಾರ ಚಂದ್ರಶೇಖರ ಅವರ ಬಲಗೈ ಬಾಲ್ಯದಲ್ಲಿಯೇ ಪೋಲಿಯೊದಿಂದ ಸೊರಗಿತ್ತು. ಆ ಕೈಯಿಂದಲೇ 242 ಟೆಸ್ಟ್ ವಿಕೆಟ್. 1971ರಲ್ಲಿ ಓವಲಿನಲ್ಲಿ 38 ಓಟಕ್ಕೆ ಆರು ವಿಕೆಟ್ ಕಿತ್ತು ಇಂಗ್ಲೆಂಡನ್ನು ಅದರ ಮನೆಯಲ್ಲಿಯೇ ಕೆಡವಿದರು. ಹದಿನಾರರ ವಯಸ್ಸಿನಲ್ಲಿ ಆ ಕೈಗೆ ಯಾವ ಮ್ಯಾನೇಜರನು ಎಷ್ಟು ಅಂಕಿ ಕೊಡುತ್ತಿದ್ದ?

ಇಷ್ಟು ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಕೂತರೆ ಅದು ಪ್ರಾಮಾಣಿಕತೆಯಾಗಲಾರದು. ನಾನು ಬಿ.ಎಸ್ಸಿ. ಓದಿದವನು, ವಯಸ್ಸಾದರೆ ಏನೂ ಆಗುವುದಿಲ್ಲವೆಂದು ಹೇಳಿದರೆ ನನ್ನ ಮೇಷ್ಟರು ಕಿವಿ ಹಿಂಡಿಯಾರು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸುವ ವೇಗ ಪ್ರಾಯದಲ್ಲಿಯೇ ಶಿಖರ ಮುಟ್ಟಿ ನಿಧಾನವಾಗಿ ಇಳಿಯುತ್ತದೆ. ವೇಗದ ಬೌಲರನ ಮೊಣಕಾಲು, ಬೆನ್ನು, ಭುಜ ಸವೆಯುತ್ತವೆ. ನಮ್ಮ ಶ್ರೀನಾಥ ಅವರಿಗೆ 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಯಿತು, 2003ರ ವಿಶ್ವಕಪ್ಪಿನೊಡನೆ ಮೂವತ್ತಮೂರಕ್ಕೆ ಅವರು ಆಟ ನಿಲ್ಲಿಸಿದರು. ರಾಹುಲ ದ್ರಾವಿಡರನ್ನೇ ನೋಡಿ. 2011ರ ಬೇಸಗೆಯಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ, ಇಡೀ ತಂಡ ಮುಗ್ಗರಿಸಿದ ಇಂಗ್ಲೆಂಡಿನ ನಾಲ್ಕು ಟೆಸ್ಟುಗಳಲ್ಲಿ ಮೂರು ಶತಕ, 461 ಓಟ. ಅದೇ ಚಳಿಗಾಲದಲ್ಲಿ ಆಸ್ಟ್ರೇಲಿಯದಲ್ಲಿ ಎಂಟು ಇನಿಂಗ್ಸು, 194 ಓಟ, ಆರು ಸಲ ಬೌಲ್ಡ್. 2012ರ ಮಾರ್ಚಿನಲ್ಲಿ ತಾವೇ ನಿವೃತ್ತಿ ಹೇಳಿದರು. ಇಳಿತವಿದೆ, ಒಪ್ಪಿದೆ. ಆದರೆ ಅದು ಮೂವತ್ತರಿಂದ ವರ್ಷಕ್ಕೊಂದು ಮೆಟ್ಟಿಲು ಇಳಿದು ಬರಲಿಲ್ಲ. ಆರು ತಿಂಗಳ ಹಿಂದೆ ಶಿಖರದ ಮೇಲಿದ್ದವನು ಆರು ತಿಂಗಳ ಮೇಲೆ ತಾನೇ ಕಂಡುಕೊಂಡು ಇಳಿದ. ಯಾವಾಗ ಇಳಿಯಬೇಕೆಂಬುದನ್ನು ಹುಟ್ಟಿದ ತಾರೀಖು ಹೇಳಲಿಲ್ಲ, ಆಟ ಹೇಳಿತು.

ವಿಜ್ಞಾನದ ಮಾತಿನಲ್ಲಿಯೇ ಹೇಳುತ್ತೇನೆ. ಕಾಲೇಜಿನಲ್ಲಿ ವಿಕಿರಣ ಧಾತುಗಳ ಅರ್ಧಾಯುವನ್ನು ನಾವೆಲ್ಲ ಓದಿದ್ದೇವೆ. ಇಷ್ಟು ಕಾಲದಲ್ಲಿ ಅರ್ಧದಷ್ಟು ಪರಮಾಣುಗಳು ಕ್ಷಯಿಸುತ್ತವೆ ಎಂದು ಖಚಿತವಾಗಿ ಹೇಳಬಹುದು. ಆದರೆ ಇಗೋ ಈ ಒಂದು ಪರಮಾಣು ಯಾವಾಗ ಕ್ಷಯಿಸುತ್ತದೆ ಎಂದು ಕೇಳಿದರೆ ಯಾವ ಪಂಡಿತನೂ ಹೇಳಲಾರ. ಗುಂಪಿನ ಸರಾಸರಿ ಬೇರೆ, ಒಬ್ಬನ ಜಾತಕ ಬೇರೆ. ಪರಮಾಣುವಿಗೋ ನೆನಪಿಲ್ಲ, ನಿನ್ನೆಯ ತಪ್ಪನ್ನು ಇಂದು ತಿದ್ದಿಕೊಳ್ಳುವ ಬುದ್ಧಿಯೂ ಇಲ್ಲ. ಬುದ್ಧಿಯಿಲ್ಲದ ಪರಮಾಣುವಿಗೇ ನಾವು ಇಷ್ಟು ಮರ್ಯಾದೆ ಕೊಡುವಾಗ ಮನುಷ್ಯನಿಗೆ ಕೊಡಬೇಡವೆ?

ಇನ್ನೊಂದು ಮೋಸವಿದೆ. ಆಟದಲ್ಲಿ 'ಬೌಲಿಂಗ್' ಎಂದು ಬರೆದಿರುವ ಒಂದೇ ಅಂಕಿಯಲ್ಲಿ ಹಲವು ಸಂಗತಿಗಳನ್ನು ತುರುಕಿದ್ದಾರೆ. ದೇಹದ ಶಕ್ತಿ ಒಂದು. ಬೆರಳಿಗೆ ಅಂಟಿದ ಪಳಗಿಕೆ ಇನ್ನೊಂದು. ಎದುರಿನ ಬ್ಯಾಟ್ಸಮನ್ನನ ಕಾಲು ಯಾವ ಕಡೆ ಚಲಿಸುತ್ತದೆಂದು ಮೊದಲೇ ಊಹಿಸುವ ಜಾಣ್ಮೆ ಮತ್ತೊಂದು. ಮೊದಲನೆಯದು ಬೇಗ ಇಳಿಯುತ್ತದೆ, ಎರಡನೆಯದು ಅಭ್ಯಾಸವಿದ್ದಷ್ಟು ದಿನ ನಿಲ್ಲುತ್ತದೆ, ಮೂರನೆಯದು ಏರುತ್ತಲೇ ಇರಬಹುದು. ವೇಗದ ಬೌಲರನಿಗೆ ಮೊದಲನೆಯದೇ ಬಂಡವಾಳ, ಸ್ಪಿನ್ನರನಿಗೆ ಕೊನೆಯವೆರಡು. ಇಂಗ್ಲೆಂಡಿನ ವಿಲ್‌ಫ್ರೆಡ್ ರೋಡ್ಸ್ ಎಂಬ ಸ್ಪಿನ್ನರ್ 1930ರಲ್ಲಿ ಐವತ್ತೆರಡರ ವಯಸ್ಸಿನಲ್ಲಿ ಟೆಸ್ಟ್ ಆಡಿದ್ದು ಇದರಿಂದಲೇ. ವೇಗದ ಬೌಲರರಲ್ಲಿಯೂ ನಿಯಮ ಮುರಿದವರುಂಟು. ಜೇಮ್ಸ್ ಆ್ಯಂಡರ್ಸನ್ 2024ರಲ್ಲಿ ಟೆಸ್ಟಿನಿಂದ ನಿವೃತ್ತರಾದಾಗ ನಲವತ್ತೊಂದು ವರ್ಷ, 704 ವಿಕೆಟ್. ಕೆಲವು ಆಟಗಳಲ್ಲಿ ಅನುಭವಕ್ಕೆಂದು ಬೇರೊಂದು ಅಂಕಿ ಇಟ್ಟಿದ್ದಾರೆ, ಆದರೆ ಆ ಅಂಕಿಯನ್ನು ನೋಡಿ ಮೂವತ್ತೈದರವನಿಗೆ ಕೈತುಂಬ ರೊಕ್ಕ ಸುರಿಯುವವರನ್ನು ನನ್ನ ಮಗ ತೋರಿಸಲಿ ನೋಡೋಣ.

ತರಬೇತಿಯ ಮಾತಿಗೆ ಬಂದರೆ ಸುಳ್ಳು ಇನ್ನೂ ಅಪಾಯಕಾರಿ. ವಾರಕ್ಕೊಂದು ಮಾತ್ರೆ ನುಂಗಿಸಿದರೆ ಅಂಕಿ ಏರುತ್ತದೆ, ಹುಡುಗ ಎಷ್ಟು ಎಳೆಯನೋ ಅಷ್ಟು ಲಾಭ ಎಂಬುದು ಆಟದ ಬೋಧೆ. ನಮ್ಮ ನೆರೆಮನೆಯ ಹುಡುಗನಿಗೆ ಹದಿಮೂರು ವರ್ಷ. ಅವನನ್ನು ಒಂದು ತರಬೇತಿ ವರ್ಗಕ್ಕೆ ಸೇರಿಸಿದರು. ಮುಂಜಾನೆ ಬೌಲಿಂಗು, ಸಂಜೆ ಬೌಲಿಂಗು, ರವಿವಾರ ಪಂದ್ಯ. ಆರು ತಿಂಗಳಲ್ಲಿ ಬೆನ್ನು ಹಿಡಿದು, ಡಾಕ್ಟರರು ವಿಶ್ರಾಂತಿ ಬರೆದುಕೊಟ್ಟು, ಈಗ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದ್ದಾನೆ. ಬೆಳೆಯುವ ವಯಸ್ಸಿನಲ್ಲಿ ಅತಿಯಾಗಿ ಬೌಲ್ ಮಾಡಿದರೆ ಸೊಂಟದ ಬೆನ್ನೆಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬೀಳಬಹುದೆಂದು ವೈದ್ಯರು ಬಹಳ ಹಿಂದೆಯೇ ಹೇಳಿದ್ದಾರೆ. ಇಂಗ್ಲೆಂಡಿನ ಮಂಡಳಿಯು ಎಳೆಯ ವೇಗದ ಬೌಲರರು ದಿನಕ್ಕೆ ಎಷ್ಟು ಓವರು ಹಾಕಬಹುದೆಂದು ವಯಸ್ಸಿಗೆ ತಕ್ಕ ಮಿತಿ ಹಾಕಿದೆ. ನನ್ನ ಮಗನ ಆಟದಲ್ಲಿ ಎಳೆಯ ಹುಡುಗನ ಬೆನ್ನು ನೋಯುವುದೇ ಇಲ್ಲ! ನಿಜವಾದ ತರಬೇತಿಯಲ್ಲಿ ವಿಶ್ರಾಂತಿಯೂ ತರಬೇತಿಯೇ, ಸೋಲೂ ತರಬೇತಿಯೇ. 1969ರಲ್ಲಿ ಕಾನಪುರದಲ್ಲಿ ಜಿ.ಆರ್. ವಿಶ್ವನಾಥ ತಮ್ಮ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ ನಡುವಿನ ದಿನಗಳಲ್ಲಿ ಅವರ ಅಂಕಿ ಎಷ್ಟು ಏರಿತು? ಏರಿದ್ದು ಅಂಕಿಯೇ ಅಲ್ಲ.

ಈಗ ಎಲ್ಲಕ್ಕಿಂತ ಮುಖ್ಯ ಮಾತು. "ಅಪವಾದಗಳನ್ನೇ ಹೆಕ್ಕಿ ಹೇಳುತ್ತೀರಿ" ಎಂದು ಸಮಿತಿಯ ಮಿತ್ರರೊಬ್ಬರು ನನ್ನನ್ನು ಚುಚ್ಚಿದರು. ಸ್ವಾಮಿ, ಅಪವಾದಗಳು ಕಡಿಮೆ ಏಕೆ ಎಂದು ಕೇಳಿದ್ದೀರಾ? ಮೂವತ್ತಾದವನಿಗೆ ಅವಕಾಶ ತಪ್ಪಿಸುತ್ತೀರಿ, ಅವನಿಗೆ ನೆಟ್ಟಿನಲ್ಲಿ ಚೆಂಡು ಹಾಕುವವರಿರುವುದಿಲ್ಲ, ಪಂದ್ಯವಿಲ್ಲದೆ ಕೈ ಮರೆಯುತ್ತದೆ, ಆಗ "ನೋಡಿ, ಇಳಿದುಹೋದ" ಎನ್ನುತ್ತೀರಿ. ನೀರು ನಿಲ್ಲಿಸಿದವರೇ ಗಿಡ ಒಣಗಿತೆಂದು ವರದಿ ಬರೆಯುವುದು ಇದು.

ಕರುಣ ನಾಯರ್ ಅವರ ಕತೆ ನಮ್ಮ ಕಣ್ಣೆದುರಿನದು. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಮೇಲೆ ಔಟಾಗದೆ 303. 2017ರ ಮಾರ್ಚಿನ ನಂತರ ಟೆಸ್ಟ್ ತಂಡದಲ್ಲಿ ಜಾಗವಿಲ್ಲ. 2022ರಲ್ಲಿ ಕರ್ನಾಟಕ ತಂಡದಲ್ಲಿಯೂ ಜಾಗ ಹೋಯಿತು. ಮೂವತ್ತೊಂದು! ನನ್ನ ಮಗ ನನ್ನನ್ನು ಮಾರಿದ ವಯಸ್ಸು. ಅವರು ಗಂಟುಮೂಟೆ ಕಟ್ಟಿ ವಿದರ್ಭಕ್ಕೆ ಹೋದರು. 2024-25ರ ವಿಜಯ ಹಜಾರೆ ಟ್ರೋಫಿಯಲ್ಲಿ ಐದು ಶತಕ, 779 ಓಟ. ಸಾಂಗಲಿಯಲ್ಲಿ ಹುಟ್ಟಿದ ಹಜಾರೆಯವರ ಹೆಸರಿಗೆ ಅದಕ್ಕಿಂತ ಗೌರವ ಬೇಕೆ? ಅದೇ ವರ್ಷ ವಿದರ್ಭ ರಣಜಿ ಗೆದ್ದಿತು, ಅಂತಿಮ ಪಂದ್ಯದಲ್ಲಿ ಇವರದು 86 ಮತ್ತು 135. 2025ರಲ್ಲಿ, ಎಂಟು ವರ್ಷದ ಮೇಲೆ, ಮತ್ತೆ ಭಾರತದ ಪರವಾಗಿ ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್ ಆಡಿದರು. ಅಲ್ಲಿ ಗಳಿಸಿದ್ದು 205 ಓಟ ಮಾತ್ರ, ಮತ್ತೆ ತಂಡದಿಂದ ಹೊರಗಾದರು. ಇದನ್ನು ಮುಚ್ಚಿಡುವುದಿಲ್ಲ. ಆದರೆ ಆಡಿ ಸೋಲುವುದು ಬೇರೆ, ಆಡಲು ಬಿಡದೆ ಸೋತನೆನ್ನುವುದು ಬೇರೆ. ವಿದರ್ಭ ಅವರ ಬ್ಯಾಟಿಂಗನ್ನು ನೋಡಿತು, ಫಲ ಉಂಡಿತು. 2025-26ಕ್ಕೆ ಕರ್ನಾಟಕ ಅವರನ್ನು ಮರಳಿ ಕರೆತಂದಿತು. ಮೂವತ್ತೊಂದಕ್ಕೆ ಬೇಡವಾದವನು ಮೂವತ್ತಮೂರಕ್ಕೆ ಬೇಕಾದನೆಂದರೆ ಮೊದಲ ಲೆಕ್ಕ ತಪ್ಪಿತ್ತೆಂದು ತಾನೆ ಅರ್ಥ?

ಇದೆಲ್ಲ ಒಬ್ಬ ಗುಮಾಸ್ತನಿಗೆ ಏಕೆ ಬೇಕು ಎಂದೀರಿ. ಬೇಕು. ಕೇಂದ್ರ ಸರಕಾರದ ನೌಕರನಾದ ನನ್ನ ವರ್ಷದ ಕೆಲಸಕ್ಕೂ ಒಂದರಿಂದ ಹತ್ತರೊಳಗೆ ಅಂಕಿ ಹಾಕುತ್ತಾರೆ. ಐವತ್ತೈದು ತಲುಪಿದಾಗ, ಇಲ್ಲವೆ ಮೂವತ್ತು ವರ್ಷ ಸೇವೆ ಮುಗಿದಾಗ, ಇವನನ್ನು ಇಟ್ಟುಕೊಳ್ಳಬೇಕೆ ಬೇಡವೆ ಎಂದು ಕಡತ ತೆರೆದು ನೋಡುವ ನಿಯಮವೂ ಇದೆ. ನಿಯಮ ಇರಲಿ, ಕೆಲಸ ಮಾಡದವನನ್ನು ಕೇಳಬೇಕು. ಆದರೆ ಹೊಸ ಕಂಪ್ಯೂಟರ್ ಪದ್ಧತಿ ಬಂದಾಗ ತರಬೇತಿಗೆ ಯಾರನ್ನು ಕಳುಹಿಸುತ್ತಾರೆ? ಇಪ್ಪತ್ತೈದರ ಹುಡುಗರನ್ನು. ನಲವತ್ತೈದರವನಿಗೆ "ನಿಮಗ್ಯಾಕೆ ತೊಂದರೆ" ಎನ್ನುತ್ತಾರೆ. ಹತ್ತು ವರ್ಷ ಕಳೆದ ಮೇಲೆ "ಇವರಿಗೆ ಹೊಸ ಪದ್ಧತಿ ಬರುವುದಿಲ್ಲ" ಎಂದು ಬರೆಯಲು ಆಗ ಯಾವ ಅಡ್ಡಿ? ಕಂಪ್ಯೂಟರಿನ ಆಟದಲ್ಲಿ ಕೊನೆಯಪಕ್ಷ ಹಿರಿಯನಿಗೂ ವಾರದ ತರಬೇತಿ ಸಿಗುತ್ತದೆ. ನಮ್ಮ ಲೋಕದಲ್ಲಿ ಅದೂ ಇಲ್ಲ.

ಆದ್ದರಿಂದ ಓದುಗ ಮಹಾಶಯರಲ್ಲಿ, ವಿಶೇಷವಾಗಿ ಕಾರ್ಯಕಾರಿ ಸಮಿತಿಯಲ್ಲಿ, ನನ್ನ ಬೇಡಿಕೆ ಮೂರು. ಮಕ್ಕಳು ಆ ಆಟ ಆಡಲಿ, ಕಸಿದುಕೊಳ್ಳಬೇಡಿ. ಆದರೆ ಪಕ್ಕದಲ್ಲಿ ಕುಳಿತು ಆ ಇಳಿತ ಏಕೆ ಇಟ್ಟಿದ್ದಾರೆಂದು ವಿವರಿಸಿ, ದೇವಧರರ ಕತೆ ಹೇಳಿ. ಎರಡನೆಯದಾಗಿ, ಹದಿಮೂರರ ಮಗುವನ್ನು ತರಬೇತಿಗೆ ಹಚ್ಚುವಾಗ ಅದು ವಾರಕ್ಕೆ ಎಷ್ಟು ಓವರು ಹಾಕುತ್ತದೆ, ಎಷ್ಟು ದಿನ ಬಿಡುವಿದೆ ಎಂದು ಕೇಳಿ, ಕೇಳಲು ನಾಚಬೇಡಿ. ಮೂರನೆಯದಾಗಿ, ಸೂಚನಾ ಫಲಕದ ಆ ಪ್ರಕಟಣೆಯನ್ನು ಹಿಂತೆಗೆದುಕೊಳ್ಳಿ. ಪಂದ್ಯಕ್ಕೆ ಮುಂಚಿನ ಎರಡು ರವಿವಾರ ಎಲ್ಲರನ್ನೂ ನೆಟ್ಟಿಗೆ ಕರೆಯಿರಿ. ಇಪ್ಪತ್ತರವನೂ ಬರಲಿ, ಐವತ್ತರವನೂ ಬರಲಿ. ಚೆಂಡು ಹಾಕಿ ನೋಡಿ, ಹೊಡೆದವನು ತಂಡಕ್ಕೆ, ಹೊಡೆಯದವನು ಉಪಾಹಾರಕ್ಕೆ. ನಾನು ಉಪಾಹಾರಕ್ಕೇ ಆರಿಸಲ್ಪಟ್ಟರೆ ಮರುಮಾತಿಲ್ಲದೆ ಉಪ್ಪಿಟ್ಟು ಬಡಿಸುತ್ತೇನೆ.

ಮಗನಿಗೆ ಈ ಲೇಖನ ಓದಿ ಹೇಳಿದೆ. ತುಸು ಹೊತ್ತು ತಲೆ ಕೆರೆದುಕೊಂಡು, "ನೀ ಹೇಳೂದು ಖರೆ ಅಪ್ಪಾ, ಆದ್ರ ನಿನ್ನ ಮರಳಿ ಕೊಳ್ಳಾಕ ಈಗ ನನ್ನ ಹತ್ರ ರೊಕ್ಕ ಇಲ್ಲ" ಎಂದ. ರೊಕ್ಕ ಕೂಡಿದ ಮೇಲೆ ನೋಡೋಣ. ಅಷ್ಟರಲ್ಲಿ ಸಂಘದ ಪಂದ್ಯಕ್ಕೆ ನನ್ನ ಹೆಸರು ಬರೆದು ಕಾರ್ಯದರ್ಶಿಗಳಿಗೆ ಕಳುಹಿಸಿದ್ದೇನೆ. ಅರ್ಜಿಯಲ್ಲಿ 'ಆಫ್ ಸ್ಪಿನ್' ಎಂದು ಬರೆದಿದ್ದೇನೆ, ವಯಸ್ಸಿನ ಕಾಲಮನ್ನು ಖಾಲಿ ಬಿಟ್ಟಿದ್ದೇನೆ.